ಗುಡ್ಡ ಹತ್ತಿದ ತಂಬಿಗೆ

ಎಲ್ಲಕ್ಕೂ ಮೂಲ ಡಾಕ್ಟರು ಹೇಳಿದ ಒಂದು ಮಾತು: "ನಸುಕಿನ್ಯಾಗ ಗುಡ್ಡ ಹತ್ರಿ, ಮ್ಯಾಲ ಕುಂತು ಒಂದು ತಂಬಿಗಿ ನೀರು ಕುಡೀರಿ."

ದೇವದುರ್ಗದ ತಹಸೀಲ್ ಕಚೇರಿಯಿಂದ ನಿವೃತ್ತರಾದ ಸಿದ್ದರಾಮಪ್ಪನವರು ರಾಯಚೂರಿನ ಗುಡ್ಡದ ಬುಡದಲ್ಲಿ ಮನೆ ಕಟ್ಟಿಸಿದ್ದೇ ಗಾಳಿಗಾಗಿ. ಸುತ್ತ ಅಕ್ಕಿ ಗಿರಣಿ ಮಾಲೀಕರ, ವಕೀಲರ ಬಂಗಲೆಗಳು. ಅವರೆಲ್ಲ ಕ್ಯಾನ್ವಾಸ್ ಬೂಟು ಹಾಕಿ, ಬೆತ್ತ ಬೀಸುತ್ತ ದಿನಾ ಗುಡ್ಡ ಹತ್ತುವವರು. ಎಪ್ಪತ್ತೊಂಬತ್ತರ ಚಳಿಗಾಲದ ಆ ಬೆಳಗು ಸಿದ್ದರಾಮಪ್ಪನವರೂ ಮೊದಲ ಸಲ ಹೊರಟರು. ಕೈಯಲ್ಲಿ ಬೆತ್ತವಿರಲಿಲ್ಲ, ನೀರು ತುಂಬಿದ ಹಿತ್ತಾಳೆ ತಂಬಿಗೆ ಇತ್ತು.

ನಸುಕಿನಲ್ಲಿ ತಂಬಿಗೆ ಹಿಡಿದು ಬಯಲಿಗೆ ಹೊರಟವರನ್ನು ಎಲ್ಲಿಗೆ ಎಂದು ನಮ್ಮ ಕಡೆ ಯಾರೂ ಕೇಳುವುದಿಲ್ಲ. ಎದುರುಮನೆಯ ಅಂಬಮ್ಮನೂ ಕೇಳಲಿಲ್ಲ. ಮೂಗಿಗೆ ಸೆರಗು ಹಿಡಿದು, ಗಿರಣಿ ಮಾಲೀಕ ಗಂಡ ಮರಿಸ್ವಾಮಿಯನ್ನು ಎಬ್ಬಿಸಲು ಒಳಗೋಡಿದಳು.

ಅಂದೇ ಮೊದಲ ಬಸ್ಸಿಗೆ ಮಗಳು ಶೇಖಮ್ಮನನ್ನು ನೋಡಲು ಮಾನ್ವಿಯವರು ಬರುವವರಿದ್ದರು. ಮೂರು ಸಂಬಂಧ ತಪ್ಪಿದ್ದವು. ಇದಾದರೂ ಕೂಡಲಿ ಎಂದು ಸಿದ್ದರಾಮಪ್ಪನವರ ಜೀವ ಒದ್ದಾಡುತ್ತಿತ್ತು. ಈ ಸಂಬಂಧ ತಂದವಳು ಅಂಬಮ್ಮನೇ.

ಗುಡ್ಡದ ಮೇಲೆ ಕುಳಿತು ತಂಬಿಗೆ ಬಾಯಿಗಿಡಬೇಕು, ಅಷ್ಟರಲ್ಲಿ ಮನೆ ಕಟ್ಟಿದ ಗೌಂಡಿ ಪೀರಾ ಸಾಬ್ ಏದುಸಿರು ಬಿಡುತ್ತ ಬಂದ.

"ಯಪ್ಪಾ, ನನ್ನ ಮಾನ ಕಳದ್ರಿ! ನಾ ಕಟ್ಟಿದ ಪಾಯಖಾನಿಗೆ ಏನಾಗ್ಯಾದ?"

"ಏನೂ ಆಗಿಲ್ಲಲೇ!"

"ಮತ್ತ ನೀವು ತಂಬಿಗಿ ಹಿಡಕಂಡು ಬಂದೀರಂತ ಮರಿಸ್ವಾಮಿ ಸಾವ್ಕಾರ್ರು ನನಗ ಬೈಯಾಕತ್ತಾರ. ಅಂಬಮ್ಮನೋರು ಬಸ್ ಸ್ಟ್ಯಾಂಡಿಗೆ ಹೊಂಟ್ರು. ಪಾಯಖಾನಿ ಇಲ್ಲದ ಮನಿ ಹೆಣ್ಣು ತೋರ್ಸಿದ್ರ ನನ್ನ ಮರ್ಯಾದಿ ಹೋಗ್ತದ, ಮಾನ್ವಿಯೋರ್ನ ಅಲ್ಲಿಂದನ ತಿರುಗಿ ಕಳಸ್ತೀನಿ ಅಂತಾರ!"

ನೀರಿದ್ದರೆ ತಾನೇ ಅನುಮಾನ ಎಂದು ಸಿದ್ದರಾಮಪ್ಪನವರು ತಂಬಿಗೆಯ ನೀರನ್ನು ಬಂಡೆಯ ಮೇಲೆ ಚೆಲ್ಲಿ, ಖಾಲಿ ತಂಬಿಗೆ ಹಿಡಿದು ಇಳಿಜಾರಿನಲ್ಲಿ ಓಡಿದರು. ಅರ್ಧ ದಾರಿಯಲ್ಲಿ ಬೆತ್ತದವರ ಗುಂಪು ಎದುರಾಯಿತು. ಖಾಲಿ ತಂಬಿಗೆ ನೋಡಿದ್ದೇ ಎಲ್ಲರೂ ಕೆಲಸ ಮುಗಿಯಿತೆಂದು ತಿಳಿದು ದಾರಿ ಬಿಟ್ಟು ನಿಂತರು.

ಗುಂಪಿನಲ್ಲಿದ್ದ ಮರಿಸ್ವಾಮಿ ಕನಿಕರದಿಂದ ಹೇಳಿದ: "ಆಗಿದ್ದಾತು ಬಿಡ್ರಿ. ನಾಳಿಂದ ನಮ್ಮನಿಗೆ ಬರ್ರಿ, ಸಂಕೋಚ ಬ್ಯಾಡ."

"ನಮ್ಮನಿಯಾಗೂ ಪಾಯಖಾನಿ ಅದರೀ! ಬರ್ರಿ, ಎಲ್ರೂ ಬರ್ರಿ, ಕಣ್ಣಾರೆ ನೋಡ್ರಿ!"

ಮೆರವಣಿಗೆ ಹಿತ್ತಿಲಿಗೆ ಬಂತು. ಸಿದ್ದರಾಮಪ್ಪನವರು ಪಾಯಖಾನೆಯ ಬಾಗಿಲು ಜಗ್ಗಿದರು. ಒಳಗಿಂದ ಸಗಣಿಯ ಕುಳ್ಳು, ಕಟ್ಟಿಗೆ ದಡದಡನೆ ಅವರ ಕಾಲ ಮೇಲೆ ಉರುಳಿದವು.

"ಯವ್ವಾ, ಅದ್ಯಾಕ ತಗದ್ರಿ?" ಹೆಂಡತಿ ಬೂದೆಮ್ಮ ಕೂಗಿದಳು. "ಮಂದಿ ಬರ್ತಾರಂತ ಹಿತ್ತಲ ಹಸನ ಮಾಡಿ ಎಲ್ಲಾ ಅದ್ರಾಗ ಒಟ್ಟೀನಿ!"

ಅಷ್ಟರಲ್ಲಿ ಟಾಂಗಾ ನಿಂತಿತು. ಸಪ್ಪೆ ಮೋರೆಯ ಅಂಬಮ್ಮ ಇಳಿದಳು. ಹಿಂದೆಯೇ ಹುರಿ ಮೀಸೆಯ ವರನ ತಂದೆ ಹನುಮಂತ್ರಾಯ. ಆತ ಕುಳ್ಳು ನೋಡಿದ, ಗುಂಪು ನೋಡಿದ, ತಂಬಿಗೆ ನೋಡಿದ. ಸಿದ್ದರಾಮಪ್ಪನವರ ಕಣ್ಣ ಮುಂದೆ ನಾಲ್ಕನೆಯ ಸಂಬಂಧವೂ ಟಾಂಗಾ ಹತ್ತಿ ಹೋಗುತ್ತಿತ್ತು.

"ಈ ಯಮ್ಮಾರು ದಾರ್‍ಯಾಗ ಎಲ್ಲಾ ಹೇಳಿದ್ರು," ಎಂದ ಹನುಮಂತ್ರಾಯ. "ಕೇಳಿ ಭಾಳ ಖುಷಿ ಆತ್ರಿ! ನನಗೂ ನಾಕು ಗೋಡಿ ನಡುವ ಕುಂತ್ರ ಆಗಂಗಿಲ್ಲ. ನಮ್ಮಂಥೋರ ಸಿಕ್ಕ ಮ್ಯಾಲ ಹೆಣ್ಣು ನೋಡಾದು ಬರೀ ಶಾಸ್ತ್ರಕ್ಕ. ನಿಮಗೂ ಹಂಗೇನ್ರಿ?"

ಇಡೀ ಬಡಾವಣೆ ಕಿವಿ ನಿಮಿರಿಸಿತು. ನಿಜ ಹೇಳಿದರೆ ಮಗಳ ಗತಿ? ಸಿದ್ದರಾಮಪ್ಪನವರು ತಂಬಿಗೆಯನ್ನು ಮೇಲೆತ್ತಿ ತೋರಿಸಿದರು.

"ಹೌದ್ರೀ... ನಮಗೂ ಬಯಲ ಚಲೋ."

ಹನುಮಂತ್ರಾಯ ಅವರ ಹೆಗಲ ಮೇಲೆ ಕೈ ಹಾಕಿದ.

"ನಾನೂ ಈ ತಿಂಗಳು ರಿಟೈರ್ ಆಗ್ತೀನ್ರಿ. ನಿಮ್ಮ ಮನಿ ಬಾಜೂಕಿನ ಖಾಲಿ ಸೈಟು ತಗಂಡೀನಿ. ಇನ್ನ ದಿನಾ ಇಬ್ರೂ ಕೂಡೇ ಗುಡ್ಡಕ್ಕ ಹೋಗೂಣು. ಈಗ ಒಂದು ಸಲ ಹೋಗಿಬರೂಣು ನಡೀರಿ ಬೀಗರ, ಬಸ್ಸಿನ್ಯಾಗ ತಡಕಂಡು ತಡಕಂಡು ಸಾಕಾಗ್ಯಾದ."

ಬೂದೆಮ್ಮ ಒಳಗಿನಿಂದ ಇನ್ನೊಂದು ತಂಬಿಗೆ ತಂದು, ಎರಡನ್ನೂ ತುಂಬಿಸಿ ಕೊಟ್ಟಳು.