ಕಾರಿನ ಹೊಟ್ಟೆಗೆ ತಾಗಿದ ತೆಂಗಿನಕಾಯಿಯ ಕುರಿತು

ಸದಾನಿಶ್ಚಿಂತ ವಾಹನ ವಿಮಾ ಕಂಪನಿಯ ಕ್ಲೇಮು ವಿಭಾಗದ ಮುಖ್ಯಸ್ಥರ ಸನ್ನಿಧಾನಕ್ಕೆ, ಕೂಕಟ್‌ಪಲ್ಲಿಯ ಮೂರನೆಯ ಅಂತಸ್ತಿನ ಫ್ಲ್ಯಾಟಿನಿಂದ ಪ್ರಾಣೇಶನ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ನಾವೂ ಕ್ಷೇಮ. ನಮ್ಮ ವಿದ್ಯುತ್ ಕಾರು ಮಾತ್ರ ನೆಲಮಾಳಿಗೆಯಲ್ಲಿ ಹೊದಿಕೆ ಹೊದ್ದು ಮಲಗಿದೆ.

ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ತಪಾಸಣೆ ಮಾಡಿ ನಿವೃತ್ತನಾದ ನಾನು ಈ ಕಾರು ಕೊಂಡದ್ದು ಹೆಂಡತಿ ವನಜಾಳ ಮೊಣಕಾಲು ನೋವಿಗಾಗಿ. ಪ್ರತಿ ಶನಿವಾರ ಅವಳು ಸುಲ್ತಾನ್ ಬಜಾರಿನ ಭಜನಾ ಮಂಡಳಿಗೆ ಹೋಗಬೇಕು. ‘ಅಪ್ಪಾ, ಪೆಟ್ರೋಲಿನ ಖರ್ಚು ಭಾಳ ಉಳಿತೈತಿ, ತಗೊಂಬಿಡ್ರಿ’ ಎಂದಳು ಐಟಿ ಕಂಪನಿಯಲ್ಲಿರುವ ಮಗಳು ಲಹರಿ. ಅವಳ ಮಾತು ಸುಳ್ಳಾಗಲಿಲ್ಲ. ಉಳಿದ ಹಣವನ್ನು ಎಲ್ಲಿಡಬೇಕೆಂಬ ಚಿಂತೆ ನಮಗೆ ಬಾರದಂತೆ ತಾವೇ ಅದನ್ನು ಪ್ರೀಮಿಯಂ ರೂಪದಲ್ಲಿ ಸ್ವೀಕರಿಸಿದ್ದೀರಿ. ಹಳೆಯ ಪೆಟ್ರೋಲ್ ಕಾರಿಗೆ ಕಟ್ಟುತ್ತಿದ್ದುದರ ಸುಮಾರು ಎರಡರಷ್ಟು; ಅದರ ಮೇಲೆ ಬ್ಯಾಟರಿಗೆ ಬೇರೆ ರಕ್ಷಣೆ, ಚಾರ್ಜರಿಗೆ ಬೇರೆ, ಮಳೆನೀರಿಗೆ ಬೇರೆ. ಒಂದು ಯಂತ್ರವನ್ನು ಇಷ್ಟು ಭಾಗಗಳಾಗಿ ನಮ್ಮ ಕಾರ್ಖಾನೆಯಲ್ಲಿಯೂ ಯಾರೂ ಬಿಚ್ಚಿರಲಿಲ್ಲ.

ಇನ್ನು ಖಂಡೆಪೂಜೆಯ, ಅಂದರೆ ಆಯುಧಪೂಜೆಯ, ದಿನದ ಸಂಗತಿ. ಪೂಜೆಯಾದ ಮೇಲೆ ಗಾಲಿಗಳ ಕೆಳಗೆ ನಿಂಬೆಹಣ್ಣಿಟ್ಟು ಗಾಡಿಯನ್ನು ಮುಂದೆ ಸರಿಸುವುದು ನಮ್ಮಲ್ಲಿ ರೂಢಿ. ವನಜಾಳಿಗೆ ಅದು ಒಪ್ಪಿಗೆಯಾಗಲಿಲ್ಲ. ‘ಇಷ್ಟು ತುಟ್ಟಿ ಗಾಡಿಗೆ ನಿಂಬಿಹಣ್ಣು ಏನ್ ಸಾಕಾಗ್ತೈತ್ರಿ?’ ಎಂದು ಮುಂದಿನ ಗಾಲಿಗೆ ತೆಂಗಿನಕಾಯಿಯನ್ನೇ ಇಟ್ಟಳು. ಗುಣಮಟ್ಟದ ಮನುಷ್ಯನಾದ ನಾನೂ ತಲೆದೂಗಿದೆ. ಕಾಯಿ ಒಡೆಯಲಿಲ್ಲ, ಜಾರಿ ಕಾರಿನ ಅಡಿಗೆ ಹೋಯಿತು. ಗೇಟಿನ ಹತ್ತಿರದ ಉಬ್ಬಿನಲ್ಲಿ ನೆಲಕ್ಕೂ ಕಾರಿನ ಹೊಟ್ಟೆಯಡಿಯ ಬ್ಯಾಟರಿಗೂ ನಡುವೆ ಸಿಕ್ಕಿಕೊಂಡಿತು. ಕಾಯಿಗೆ ಏನೂ ಆಗಲಿಲ್ಲ. ಬ್ಯಾಟರಿಯ ಕವಚದಲ್ಲಿ ರೂಪಾಯಿ ನಾಣ್ಯದಗಲ ತಗ್ಗು ಬಿತ್ತು.

ಆ ತಗ್ಗನ್ನು ಬಡಿದು ಸರಿಮಾಡಲಾಗದು, ಇಡೀ ಬ್ಯಾಟರಿಯನ್ನೇ ಬದಲಿಸಬೇಕು, ಅಲ್ಲಿಯವರೆಗೆ ಓಡಿಸಕೂಡದು ಎಂದು ಸರ್ವಿಸ್ ಸೆಂಟರಿನವರು ಹೇಳಿದರು. ಬೆಲೆ ಹೆಚ್ಚುಕಡಿಮೆ ಅರ್ಧ ಕಾರಿನಷ್ಟು. ನಾವು ಕೊಂಡದ್ದು ಕಾರಲ್ಲ, ಗಾಲಿ ಹಚ್ಚಿದ ಬ್ಯಾಟರಿ ಎಂಬ ಜ್ಞಾನೋದಯ ನನಗೆ ಆದದ್ದು ಅಂದೇ.

ಮರುದಿನ ಬೆಳಿಗ್ಗೆ ತಮ್ಮ ಸರ್ವೇಯರ್ ಅಮೋಲ್ ಬಂದರು. ಬಹಳ ಸಭ್ಯ ತರುಣ. ನಮ್ಮ ಮನೆಯಿಂದ ಯಾರೂ ಬರಿ ಹೊಟ್ಟೆಯಲ್ಲಿ ಹೋಗುವಂತಿಲ್ಲವಾದ್ದರಿಂದ ದೋಸೆ ತಿಂದರು. ‘ಆಂಟಿ, ಚಟ್ನಿ ಏಕ್‌ದಮ್ ಭಾರಿ ಆಗೈತ್ರಿ, ಇನ್ನೊಂಚೂರು ಹಾಕ್ರಿ’ ಎಂದರು. ಕಾರಿನ ಅಡಿಯ ಫೋಟೊ ತೆಗೆದುಕೊಂಡು ಹೋದರು.

ಆಮೇಲೆ ತಮ್ಮ ಪತ್ರ ಬಂತು. ಕ್ಲೇಮು ತಿರಸ್ಕೃತ, ಕಾರಣಗಳು ಎರಡು. ಹಾನಿ ಮಾಡಿದ ವಸ್ತುವನ್ನು ಹಾಜರುಪಡಿಸಿಲ್ಲ; ಹಾನಿಗೆ ಮಾಲೀಕರ ಕಡೆಯ ನಿರ್ಲಕ್ಷ್ಯವೇ ಕಾರಣ.

ಆ ಎರಡನೆಯ ಕಾರಣವನ್ನು ಓದಿದಂದಿನಿಂದ ವನಜಾ ಮಂಡಳಿಗೆ ಹೋಗಿಲ್ಲ. ಆಟೋ ತರಿಸುತ್ತೇನೆಂದರೆ ‘ನನ್ನ ಕೈಲೇ ಆತಲ್ರಿ, ಯಾವ ಮಾರಿ ಇಟ್ಕೊಂಡು ತಾಳ ಹಿಡೀಲಿ?’ ಎನ್ನುತ್ತಾಳೆ. ನನ್ನ ಮೊದಲ ಸ್ಕೂಟರಿನಿಂದ ಹಿಡಿದು ಮನೆಯ ಎಲ್ಲ ವಾಹನಗಳಿಗೆ ಕುಂಕುಮ ಹಚ್ಚಿದ ಕೈ ಅದು. ವಿಮೆಯ ಮುಖವನ್ನೇ ಕಾಣದ ಆ ಸ್ಕೂಟರು ಗುಜರಿಗೆ ಹೋಗುವ ದಿನವೂ ತಾನೇ ಓಡಿಕೊಂಡು ಹೋಯಿತು.

ಆದಕಾರಣ ತಮ್ಮಲ್ಲಿ ವಿನಂತಿ. ಮುಂದಿನ ವರ್ಷದಿಂದ ತೆಂಗಿನಕಾಯಿ ರಕ್ಷಣೆ ಎಂಬ ಹೆಚ್ಚುವರಿ ಪಾಲಿಸಿ ತರಬೇಕು. ಜುಟ್ಟಿರುವ ಕಾಯಿಗೂ ಜುಟ್ಟಿಲ್ಲದ ಕಾಯಿಗೂ ಬೇರೆ ಬೇರೆ ದರ ವಿಧಿಸಿದರೂ ಕಟ್ಟುತ್ತೇವೆ. ಯಾವ ಯಾವ ದೇವರಿಗೆ ಎಷ್ಟು ಗಟ್ಟಿಯ ಹಣ್ಣುಕಾಯಿ ಸಾಕೆಂದು ಇಂಜಿನಿಯರುಗಳಿಂದ ಪ್ರಮಾಣಪತ್ರ ಕೊಡಿಸಬೇಕು. ಬೂದಗುಂಬಳ ಒಡೆಯುವಾಗ ತಮ್ಮ ಪ್ರತಿನಿಧಿಯೊಬ್ಬರು ಮಡಿಯುಟ್ಟು ಹಾಜರಿರಬೇಕು. ಇವು ಯಾವುವೂ ಸಾಧ್ಯವಿಲ್ಲವಾದರೆ, ಬ್ಯಾಟರಿಯ ಮಾತು ಆಮೇಲೆ ನೋಡೋಣ, ತಮ್ಮ ಪತ್ರದಲ್ಲಿಯ ‘ನಿರ್ಲಕ್ಷ್ಯ’ವನ್ನು ಹೊಡೆದುಹಾಕಿ ಆ ಜಾಗದಲ್ಲಿ ‘ಭಕ್ತಿ’ ಎಂದು ಬರೆದು ರುಜು ಮಾಡಿ ಕಳಿಸಬೇಕು. ಅದಕ್ಕೆ ಬಿಡಿಭಾಗ ಬೇಕಾಗುವುದಿಲ್ಲ.

ಎಲ್ಲ ಕಂತುಗಳನ್ನೂ ಗಡುವಿಗೆ ಮೊದಲೇ ಕಟ್ಟಿದ, ಇನ್ನೂ ಕಟ್ಟಲಿರುವ,
ತಮ್ಮ ವಿಶ್ವಾಸಿ,
ಪ್ರಾಣೇಶ

ತಾ.ಕ.: ಹಾನಿ ಮಾಡಿದ ವಸ್ತುವನ್ನು ಹಾಜರುಪಡಿಸಿಲ್ಲ ಎಂಬುದು ಸರಿಯಲ್ಲ. ಪೂಜೆಯ ಕಾಯಿಯನ್ನು ಪ್ರಸಾದವೆಂದು ಮರುದಿನವೇ ಅರೆಯುವುದು ನಮ್ಮ ಮನೆಯ ಪದ್ಧತಿ. ಹೀಗಾಗಿ ಸದರಿ ವಸ್ತುವನ್ನು ದೋಸೆಯೊಂದಿಗೆ ಶ್ರೀ ಅಮೋಲ್ ಅವರ ಮುಂದೆ ಎರಡು ಸಲ ಹಾಜರುಪಡಿಸಲಾಗಿತ್ತು. ಅವರು ಪರಿಶೀಲಿಸಿದ ಮೇಲೆ ತಟ್ಟೆಯಲ್ಲಿ ಏನೂ ಉಳಿದಿರಲಿಲ್ಲ. ಇದನ್ನು ಓದಿ ಹೇಳಿದಾಗ ವನಜಾ ಬಹಳ ದಿನಗಳ ಮೇಲೆ ನಕ್ಕಳು. ‘ಹಂಗಾರ ತಿಂದಾಂವನ್ನ ಬಿಟ್ಟು ಅರದಾಕಿಗೆ ತಪ್ಪು ಹಚ್ಚ್ಯಾರೇನ್ರಿ?’ ಎಂದಳು. ಈ ಶನಿವಾರ ಆಟೋದಲ್ಲಿ ಮಂಡಳಿಗೆ ಹೊರಟಿದ್ದಾಳೆ. ಅಲ್ಲಿಗೆ ಬರುವವರ ಮನೆಗಳಲ್ಲಿ ತಮ್ಮ ಪಾಲಿಸಿಗಳು ಬಹಳ ಇವೆ. ಭಜನೆಗೆ ಮುಂಚೆ ಸ್ವಲ್ಪ ಹೊತ್ತು ಮಾತನಾಡುವ ಪದ್ಧತಿಯೂ ಇದೆ.