ಪಿಟೀಲು ಬಂದರೆ ರಟ್ಟು

ಚಳಿ ಮುಗಿದು ಬಿಸಿಲು ಇನ್ನೂ ಬಲಿಯದ ದಿನಗಳು. ಮಕ್ಕಳ ಪರೀಕ್ಷೆ ಮುಗಿದ ಮಾರನೆಯ ದಿನ, ಶನಿವಾರ, ಬೆಳಗ್ಗೆ ಏಳೂಕಾಲು ಗಂಟೆ. ರಟ್ಟಜ್ಜ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, ಇನ್ನೊಂದನ್ನು ಮಂಚದ ಕೆಳಗಿನಿಂದ ಪೊರಕೆಯ ಹಿಡಿಯಲ್ಲಿ ಎಳೆಯುತ್ತಿದ್ದಾಗ ಬಾಗಿಲಲ್ಲಿ ಕಾರ್ಯದರ್ಶಿಗಳು ಕೆಮ್ಮಿದರು. ನಾಲ್ಕು ಅಂತಸ್ತಿನ ಆ ಕಟ್ಟಡದ ನಿವಾಸಿಗಳ ಸಂಘಕ್ಕೆ ಅವರು ಕಾರ್ಯದರ್ಶಿ. ಅವರು ಕೆಮ್ಮಿದರೆ ಯಾರ ತಲೆಗೋ ಒಂದು ಕೆಲಸ ಬಿತ್ತು ಎಂದೇ ಅರ್ಥ.

"ಅಜ್ಜ, ಒಂದು ಸಣ್ಣ ಕೆಲಸ."

ಅಜ್ಜ ಪೊರಕೆ ಕೆಳಗಿಟ್ಟ. ಹೋದ ಸಲದ ಸಣ್ಣ ಕೆಲಸವೆಂದರೆ ನೀರಿನ ಟ್ಯಾಂಕಿನೊಳಗೆ ಇಳಿಯುವುದು.

ಕಾರ್ಯದರ್ಶಿಗಳು ಜೇಬಿನಿಂದ ಒಂದು ಪೆನ್‌ಡ್ರೈವ್ ತೆಗೆದು, ಸತ್ತ ಹಲ್ಲಿಯನ್ನು ಬಾಲ ಹಿಡಿದು ಎತ್ತಿದ ಹಾಗೆ ಎರಡೇ ಬೆರಳಲ್ಲಿ ಎತ್ತಿ ಹಿಡಿದರು. "ಸಂಜೆ ಆರಕ್ಕೆ ಮೇಲಿನ ಹಾಲ್‌ನಲ್ಲಿ ಮಕ್ಕಳಿಗೆ ಸಿನಿಮಾ. ಹದಿಮೂರರಿಂದ ಹದಿನೇಳರವರೆಗಿನವು ಸೇರಿ ತಾವೇ ಆರಿಸಿವೆ. ಪ್ರೇಮದ್ದಂತೆ, ಹಾಸ್ಯವಂತೆ." ಧ್ವನಿ ಇಳಿಯಿತು. "ಸ್ವಲ್ಪ ಹಾಗೆ ಹೀಗೆ ಇದೆ ಅಂತಾರೆ. ನೀವು ನೋಡಿ, ಮಕ್ಕಳಿಗೆ ಆಗತ್ತೋ ಇಲ್ವೋ ಹೇಳಿಬಿಡಿ."

"ನಾನಾ? ನೀವೇ ನೋಡಬಹುದಿತ್ತಲ್ಲ."

"ಛೆ ಛೆ! ನಾನು ಇಂಥದ್ದೆಲ್ಲ ನೋಡೋನಾ? ನೀವಾದ್ರೆ ಮೂವತ್ತೊಂದು ವರ್ಷ ಟಾಕೀಸಿನಲ್ಲಿ ಆಪರೇಟರ್ ಆಗಿದ್ದೋರು. ನೀವು ನೋಡದೆ ಇರೋದು ಏನಿದೆ?" ಎಂದು ಹೊರಟವರು ತಿರುಗಿ ನಿಂತರು. "ಏನಾದ್ರೂ ಹೆಚ್ಚುಕಡಿಮೆ ಆದ್ರೆ ಮಾತ್ರ ಸಂಘದವರು ಸುಮ್ನಿರಲ್ಲ. ಹಾಲ್‌ನ ಬೀಗದಕೈ ನಿಮ್ಮ ಹತ್ರ ಇರೋದೇ ಕೆಲವರಿಗೆ ಸಹಿಸ್ತಾ ಇಲ್ಲ."

ಅಜ್ಜನ ಕೈ ತಾನಾಗಿ ಜೇಬಿಗೆ ಹೋಯಿತು. ಬೀಗದಕೈ ಅಲ್ಲೇ ಇತ್ತು. ಮನೆ ಎಂದರೆ ಒಂದೂವರೆ ಕೋಣೆ. ನರ್ಸ್ ಆಗಿದ್ದ ಮಗಳು ರಾತ್ರಿಪಾಳಿ ಮುಗಿಸಿ ಬಂದರೆ ಒಂದು ಕೋಣೆಯಲ್ಲಿ ನಿದ್ದೆ, ಉಳಿದರ್ಧದಲ್ಲಿ ಮೊಮ್ಮಗಳ ಪುಸ್ತಕ. ಅಜ್ಜನ ಹಗಲೆಲ್ಲ ಹಾಲ್‌ನ ಕಿಟಕಿಯ ಪಕ್ಕದ ಒಂದು ಕುರ್ಚಿಯಲ್ಲೇ ಕಳೆಯುತ್ತಿತ್ತು. ಬೀಗದಕೈ ಹೋದರೆ ಮೆಟ್ಟಿಲೇ ಗತಿ.

ಇಲ್ಲಿ ಅಜ್ಜನ ಗುಟ್ಟೊಂದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಆ ಟಾಕೀಸಿನ ಯಜಮಾನರ ತಾಯಿ ದಿನವೂ ಬಾಲ್ಕನಿಯಲ್ಲಿ ಕೂರುತ್ತಿದ್ದರು. ಏನಾದರೂ ಅಂಥದ್ದು ಬಂದರೆ ಪ್ರೊಜೆಕ್ಟರಿನ ಕಣ್ಣಿಗೆ ರಟ್ಟು ಅಡ್ಡ ಹಿಡಿ ಎಂದು ಯಜಮಾನರ ಅಪ್ಪಣೆ. ಬರುತ್ತದೆಂದು ಮೊದಲೇ ತಿಳಿಯುವುದು ಹೇಗೆ? ಆ ಕಾಲದ ಸಿನಿಮಾಗಳು ಮರ್ಯಾದಸ್ಥವು. ಏನೇ ಆಗುವುದಿದ್ದರೂ ಮೊದಲು ಪಿಟೀಲು ಕೊಯ್ದು ತಿಳಿಸುತ್ತಿದ್ದವು. ಪಿಟೀಲು ಶುರುವಾದರೆ ರಟ್ಟು. ರಟ್ಟು ಹಿಡಿದ ಮೇಲೆ, ದೊಡ್ಡಮ್ಮನವರು ನೋಡಬಾರದ್ದನ್ನು ಕೂಲಿಯವನು ನೋಡುವುದುಂಟೇ ಎಂದು ಅಜ್ಜ ಗೋಡೆಗೆ ಮುಖ ಮಾಡಿ ಇಪ್ಪತ್ತರವರೆಗೆ ಎಣಿಸುತ್ತಿದ್ದ. ಹೀಗೆ ಮೂವತ್ತೊಂದು ವರ್ಷ. ಊರಿನಲ್ಲೇ ಅತಿ ಕಡಿಮೆ ಸಿನಿಮಾ ನೋಡಿದವನು ಸಿನಿಮಾ ತೋರಿಸುವವನೇ ಆಗಿದ್ದ. ರಟ್ಟಜ್ಜ ಎಂಬ ಹೆಸರು ಬಿದ್ದದ್ದು ಹಾಗೆ. ಮುಚ್ಚಿದವನು ನೋಡಿಯೇ ಮುಚ್ಚಿರುತ್ತಾನೆ ಎಂದು ಜನ ತಿಳಿದಿದ್ದರು. ಅಜ್ಜ ತಿದ್ದಲು ಹೋಗಿರಲಿಲ್ಲ. ಇದ್ದದ್ದೇ ಅಷ್ಟು ಗೌರವ, ಅದನ್ನೂ ಯಾಕೆ ಕಳೆದುಕೊಳ್ಳಬೇಕು?

ಹದಿನೈದರ ಮೊಮ್ಮಗಳು ಪೆನ್‌ಡ್ರೈವನ್ನು ಟೀವಿಗೆ ಸಿಕ್ಕಿಸಿ ಕೊಟ್ಟಳು. "ಪಾಸ್ ಮಾಡ್ತೀಯ ತಾನೆ ಅಜ್ಜ? ಎಲ್ಲರಿಗೂ ಹೇಳಿಟ್ಟಿದ್ದೀನಿ. ಇಲ್ಲಾಂದ್ರೆ ನಿನ್ನ ಜೊತೆ ಮಾತು ಬಿಟ್ಟೆ."

"ನೀನು ಹೊರಗೆ ಹೋಗು. ಇದು ದೊಡ್ಡೋರು ನೋಡೋದು."

ಅವಳು ಬಾಯಿಗೆ ಕೈ ಅಡ್ಡ ಹಿಡಿದು ಓಡಿಹೋದಳು. ಯಾಕೆ ನಕ್ಕಳೆಂದು ಅಜ್ಜನಿಗೆ ತಿಳಿಯಲಿಲ್ಲ.

ಮಗಳಿಗೆ ಅಂದು ಬೆಳಗಿನ ಪಾಳಿ. ಅಜ್ಜ ಪರದೆ ಎಳೆದು, ಕನ್ನಡಕ ಒರೆಸಿ, ಸರಿಯಾಗಿ ಎಂಟಕ್ಕೆ ಸಿನಿಮಾ ಹಚ್ಚಿದ. ಒಬ್ಬ ಹುಡುಗಿಗೆ ಬಸ್ಸು ತಪ್ಪಿತು. ಒಬ್ಬ ಹುಡುಗ ಕೊಡೆ ಹಿಡಿದ. ಕೊಡೆ ತಿರುವುಮುರುವಾಯಿತು. ಅಷ್ಟರಲ್ಲಿ ಬಾಗಿಲು ದಬದಬ.

ಮೇಲಿನ ಮನೆಯ ಡ್ರಿಲ್ ಮೇಷ್ಟ್ರು. ನಿವೃತ್ತರಾಗಿ ಎಂಟು ವರ್ಷವಾದರೂ ಸೀಟಿ ಇನ್ನೂ ಕೊರಳಲ್ಲೇ. "ಏನಯ್ಯಾ, ಕೆಟ್ಟ ಸಿನಿಮಾ ನೋಡ್ತಿದ್ದೀಯಂತೆ?"

"ಕೆಟ್ಟದ್ದೋ ಅಲ್ವೋ ಇನ್ನೂ ಗೊತ್ತಾಗಿಲ್ಲ ಮೇಷ್ಟ್ರೇ."

"ನಿನಗೆ ಗೊತ್ತಾಗೋ ಹೊತ್ತಿಗೆ ಮಕ್ಕಳು ಕೆಟ್ಟು ಹೋಗಿರ್ತಾವೆ. ಸರಿ ಆಚೆ." ಮೇಷ್ಟ್ರು ಅಜ್ಜನ ಕುರ್ಚಿಯಲ್ಲಿ ಕೂತರು. "ಹೋಗು, ಚಹಾ ಮಾಡು. ಸಕ್ಕರೆ ಕಮ್ಮಿ."

ನೀರು ಕುದಿಯುವಷ್ಟರಲ್ಲಿ ಕೆಳಮನೆಯ ಹಲ್ಲಿನ ಡಾಕ್ಟರಮ್ಮ ಬಂದರು. "ಐದೇ ನಿಮಿಷ ಅಜ್ಜ, ಕ್ಲಿನಿಕ್ ತೆಗೀಬೇಕು. ನನ್ನ ಮಗನಿಗೆ ಹದಿನಾಲ್ಕು ನೋಡಿ, ತಾಯಿಯಾಗಿ ನನ್ನ ಜವಾಬ್ದಾರಿ." ಅವರ ಐದು ನಿಮಿಷ ಎಷ್ಟೆಂದು ಅವರ ಕುರ್ಚಿಯಲ್ಲಿ ಬಾಯಿ ತೆರೆದು ಕೂತವರಿಗೆಲ್ಲ ಗೊತ್ತಿತ್ತು. ಕೊನೆಗೆ ಕಾರ್ಯದರ್ಶಿಗಳೂ ಬಂದರು. ಅವರು ಕೂರಲಿಲ್ಲ. ಇಂಥದ್ದನ್ನು ನೋಡುವವರಲ್ಲವಲ್ಲ, ಟೀವಿಗೆ ಬೆನ್ನು ಮಾಡಿ, ಬೀರುವಿನ ಕನ್ನಡಿಗೆ ಮುಖ ಮಾಡಿ ನಿಂತರು.

ಅಜ್ಜ ಚಹಾ ಹಿಡಿದು ಬಂದರೆ ಮೇಷ್ಟ್ರು ಸಂಚಾರ ಪೊಲೀಸಿನವರಂತೆ ಕೈ ಅಡ್ಡ ಚಾಚಿದರು. "ಅಲ್ಲೇ ಇಡು. ಈ ಕಡೆ ನೋಡಬೇಡ, ಇದು ನಿನ್ನ ವಯಸ್ಸಿಗಲ್ಲ."

"ನಿಮಗಿಂತ ನಾನು ಎರಡೇ ವರ್ಷ ದೊಡ್ಡೋನು."

"ಅದಕ್ಕೇ ಹೇಳಿದ್ದು."

ನೋಡುವ ಯೋಗ ಇಲ್ಲ, ಕೇಳುವುದನ್ನಾದರೂ ಕೇಳೋಣ ಎಂದು ಅಜ್ಜ ಅಡುಗೆಮನೆಯಲ್ಲೇ ನಿಂತ. ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಪೆನ್ಸಿಲು ಹಿಡಿದು, ಗಡಿಯಾರ ನೋಡುತ್ತ ಗುರುತು ಹಾಕಿದ. ಓದುಬರಹ ಅಷ್ಟಕ್ಕಷ್ಟೆ, ನಗು ಕೇಳಿದರೆ ಸೊನ್ನೆ, ಪಿಟೀಲು ಕೇಳಿದರೆ ಗೆರೆ. ಎಂಟೂಮುಕ್ಕಾಲಿಗೆ ಮೇಷ್ಟ್ರು ನಕ್ಕ ನಗುವಿಗೆ ತಟ್ಟೆಸ್ಟ್ಯಾಂಡು ನಡುಗಿತು. ಡಾಕ್ಟರಮ್ಮ "ಅಯ್ಯಯ್ಯೋ, ಸಾಕಪ್ಪಾ" ಎನ್ನುತ್ತಲೇ ಇನ್ನಷ್ಟು ನಕ್ಕರು. ಸೊನ್ನೆ. ನಿರ್ಮಲವಾದ ಹಾಸ್ಯ. ಒಂಬತ್ತು ಹತ್ತಕ್ಕೆ ಪಿಟೀಲು. ಮೂವರೂ ಗಪ್‌ಚಿಪ್. ಡಾಕ್ಟರಮ್ಮ ಮೂಗು ಸೊರ್ರೆಂದು ಎಳೆದುಕೊಂಡದ್ದೂ ಕೇಳಿಸಿತು. ಪಾಪ, ಹೆಂಗಸು ಅಳಬೇಕಾದರೆ ಎಷ್ಟು ಅಸಹ್ಯವಾಗಿರಬೇಕು! ಅಜ್ಜ ದಪ್ಪನೆಯ ಗೆರೆ ಎಳೆದ. ಸಿನಿಮಾ ಮುಗಿಯುವ ಹೊತ್ತಿಗೆ ಹನ್ನೊಂದು ಸೊನ್ನೆ, ನಾಲ್ಕು ಗೆರೆ.

"ಏನನ್ನಿಸಿತು?" ಎಂದು ಕೇಳಿದ.

"ನಾನು ಬಂದೇ ಇಲ್ಲ" ಎಂದರು ಮೇಷ್ಟ್ರು.

"ನಾನು ಕ್ಲಿನಿಕ್‌ನಲ್ಲಿದ್ದೆ" ಎಂದರು ಡಾಕ್ಟರಮ್ಮ.

"ತೀರ್ಪು ನಿಮ್ಮದು" ಎಂದ ಕಾರ್ಯದರ್ಶಿಗಳು, ಜೋಪಾನವಾಗಿರಲಿ ಎಂದು ಪೆನ್‌ಡ್ರೈವನ್ನೂ ಕಿತ್ತುಕೊಂಡು ಹೊರಟರು. ಊಟದ ಹೊತ್ತಿನಲ್ಲಿ ಅವರ ಮನೆಯ ಕಿಟಕಿಯಿಂದ ಅದೇ ಪಿಟೀಲು ಕೇಳಿಸಿತು.

ಅಜ್ಜ ಟ್ರಂಕಿನ ತಳದಿಂದ ಹಳೆಯ ಕರಿ ರಟ್ಟು ಹೊರಗೆ ತೆಗೆದು ಧೂಳು ಕೊಡವಿದ. ಮಧ್ಯಾಹ್ನ ಕಾರ್ಯದರ್ಶಿಗಳಿಗೆ ಹೇಳಿ ಕಳಿಸಿದ: ಸಿನಿಮಾ ಆಗುತ್ತದೆ, ನಾಲ್ಕು ಕಡೆ ಮಾತ್ರ ರಟ್ಟು.

ಸಂಜೆ ಆರಕ್ಕೆ ಹಾಲ್ ತುಂಬಿತು. ಮುಂದೆ ಜಮಖಾನದ ಮೇಲೆ ಮಕ್ಕಳು, ಹಿಂದೆ ಕುರ್ಚಿಗಳಲ್ಲಿ ದೊಡ್ಡವರು. ನಡುವೆ ಮೇಜಿನ ಮೇಲೆ ಪ್ರೊಜೆಕ್ಟರು, ಪಕ್ಕದಲ್ಲಿ ಕ್ಯಾಲೆಂಡರು ಹಿಡಿದು ರಟ್ಟಜ್ಜ. ಹತ್ತು ವರ್ಷಗಳ ಮೇಲೆ ಅಜ್ಜನ ಬೆನ್ನು ನೆಟ್ಟಗಾಗಿತ್ತು.

ಮೊದಲನೆಯ ಸೊನ್ನೆ ಬಂತು. ಪರದೆಯ ಮೇಲೆ ಹುಡುಗ ಬರೀ ಟವೆಲು ಸುತ್ತಿಕೊಂಡು ಹುಡುಗಿಯ ಬೀರುವಿನೊಳಗೆ ಅಡಗಿದ. ಹುಡುಗಿಯ ಅಪ್ಪ ಒಳಗೆ ಬಂದ. ಟವೆಲಿನ ತುದಿ ಬಾಗಿಲಿಗೆ ಸಿಕ್ಕಿಕೊಂಡಿತು. ಅಪ್ಪ ಆ ತುದಿ ಹಿಡಿದು ಎಳೆಯತೊಡಗಿದ. ಅಜ್ಜ ಕ್ಯಾಲೆಂಡರು ನೋಡಿದ, ಅಲ್ಲಿ ಬರೀ ಸೊನ್ನೆ. ಇದಕ್ಕೆ ಪಿಟೀಲೇ ಇರಲಿಲ್ಲ! ಗಾಬರಿಯಲ್ಲಿ ಮೂವತ್ತೊಂದು ವರ್ಷದ ಅಭ್ಯಾಸ ಅರ್ಧ ಮಾತ್ರ ನೆನಪಿಗೆ ಬಂತು. ಗೋಡೆಗೆ ಮುಖ ಮಾಡಿದ, ಇಪ್ಪತ್ತು ಎಣಿಸಿದ. ರಟ್ಟು ಕಂಕುಳಲ್ಲೇ ಇತ್ತು. ಹಾಲ್ ಹೋ ಎಂದಿತು. ಅದಕ್ಕೂ ಒಂದು ಗಳಿಗೆ ಮೊದಲೇ, ಟವೆಲು ಇನ್ನೂ ಸಿಕ್ಕಿಕೊಳ್ಳುವ ಮೊದಲೇ, ಹಿಂದಿನ ಸಾಲಿನಲ್ಲಿ ಮೇಷ್ಟ್ರು ನಕ್ಕುಬಿಟ್ಟಿದ್ದರು. ಮಕ್ಕಳೆಲ್ಲ ತಿರುಗಿ ಅವರನ್ನೇ ನೋಡಿದವು.

ಆಮೇಲೆ ಪಿಟೀಲು ಬಂತು. ಸದ್ಯ! ಅಜ್ಜ ರಟ್ಟು ಹಿಡಿದ. ಹಾಲ್ ಕತ್ತಲಾಯಿತು. ಕತ್ತಲಲ್ಲಿ ಪಿಟೀಲು, ಯಾರದೋ ಬಿಕ್ಕು, ಮಕ್ಕಳ ಸಿಳ್ಳೆ. ಹೀಗೆ ನಾಲ್ಕು ಸಲ. ಮೂರನೆಯದಂತೂ ಮುಗಿಯುವ ಹಾಗೇ ಕಾಣಲಿಲ್ಲ. ಅಜ್ಜ ಮೂರು ಇಪ್ಪತ್ತು ಎಣಿಸಿ ಬಾಯಿ ಒಣಗಿಸಿಕೊಂಡ.

ದೀಪ ಹತ್ತಿದ್ದೇ ತಡ, ಎರಡನೆಯ ಅಂತಸ್ತಿನ ತಾಯಿಯೊಬ್ಬಳು ಎದ್ದು ನಿಂತಳು. "ಬಿಟ್ಟಿದ್ದೇ ಹಾಗಿದ್ರೆ, ಮುಚ್ಚಿದ್ದು ಹೇಗಿರಬೇಕು! ಆ ಕತ್ತಲಲ್ಲಿ ಏನಿತ್ತು ಅಜ್ಜ?"

"ನನಗೂ ಗೊತ್ತಿಲ್ಲಮ್ಮ. ಗೋಡೆ ನೋಡ್ತಿದ್ದೆ."

"ಬೆಳಗ್ಗೆ ನೋಡಿದ್ರಲ್ಲ?"

ಅಜ್ಜ ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರು ಫ್ಯಾನಿನ ರೆಕ್ಕೆ ಎಣಿಸುತ್ತಿದ್ದರು. ಡಾಕ್ಟರಮ್ಮ ಚೀಲದಲ್ಲಿ ಏನನ್ನೋ ಹುಡುಕುತ್ತಿದ್ದರು. ಕಾರ್ಯದರ್ಶಿಗಳು ಕೆಮ್ಮಿದರು. ಆ ಕತ್ತಲಲ್ಲಿ ಏನಿತ್ತೆಂದು ಮೂವರಿಗೂ ಗೊತ್ತಿತ್ತು. ಹೇಳಿದರೆ ನೋಡಿದ್ದು ಗೊತ್ತಾಗುತ್ತಿತ್ತು.

"ತಪ್ಪು ನನ್ನದೇ" ಎಂದ ಅಜ್ಜ. ಬೀಗದಕೈ ತೆಗೆದು ಮೇಜಿನ ಮೇಲಿಟ್ಟ. ಕಿಟಕಿಯ ಪಕ್ಕದ ಕುರ್ಚಿಯನ್ನೊಮ್ಮೆ ನೋಡಿಕೊಂಡ.

"ಅಲ್ಲಿ ಏನೂ ಇರಲಿಲ್ಲ!" ಜಮಖಾನದಿಂದ ಮೊಮ್ಮಗಳು ಎದ್ದಳು. "ಒಂದು ಕಡೆ ಅಮ್ಮ ಮಗನಿಗೆ ಸ್ವೆಟರ್ ಕೊಡ್ತಾಳೆ. ಇನ್ನೊಂದು ಕಡೆ ಅಪ್ಪ ಕ್ಷಮೆ ಕೇಳ್ತಾನೆ. ಮೂರನೇದು ಅಜ್ಜಿ ಸಾಯೋದು, ಅದಕ್ಕೇ ಅಷ್ಟು ಉದ್ದ. ನಾಲ್ಕನೇದು ರೈಲ್ವೆ ಸ್ಟೇಷನ್."

"ನಿನಗೆ ಹೇಗೆ ಗೊತ್ತು?" ಎಂದಳು ಆ ತಾಯಿ.

"ಹೋದ ತಿಂಗಳೇ ಎಲ್ಲರೂ ನೋಡಿದ್ದೀವಿ. ಎರಡೆರಡು ಸಲ."

"ಮತ್ತೆ ಇವತ್ತು ಯಾಕೆ ಬೇಕಾಗಿತ್ತು?" ಎಂದು ಮೇಷ್ಟ್ರು ಗುಡುಗಿದರು.

"ಸಿನಿಮಾ ನೋಡಿದ್ವಿ ಸಾರ್. ನೀವು ಸಿನಿಮಾ ನೋಡೋದನ್ನ ನೋಡಿರಲಿಲ್ಲ." ಮಕ್ಕಳ ಸಾಲಿನಲ್ಲಿ ಕಿಸಕ್ಕೆಂದು ನಗು ಎದ್ದಿತು. "ಆ ಟವೆಲಿಗೆ ನೀವು ಮೊದಲೇ ನಕ್ಕುಬಿಟ್ರಲ್ಲ ಸಾರ್, ಹೇಗೆ ಗೊತ್ತಾಯ್ತು?"

ಮೇಷ್ಟ್ರು ಇಂಗು ತಿಂದ ಮಂಗನಂತಾದರು. ಕಾರ್ಯದರ್ಶಿಗಳು ಮಾತ್ರ ಕಚೇರಿಯಲ್ಲಿ ಪಳಗಿದವರು. ಅಲ್ಲೇ ನಿಂತು ನಿರ್ಣಯ ಹೇಳಿದರು. ಮಕ್ಕಳು ನೋಡಿಯೇ ಆಗಿದೆ, ಆದ್ದರಿಂದ ಮಕ್ಕಳಿಗೆ ಆಗುತ್ತದೆ. ದೊಡ್ಡವರಿಗೆ ಆಗುತ್ತದೋ ಇಲ್ಲವೋ ವಿಚಾರಣೆಯಾಗಬೇಕು. ನಾಳೆ ಸಂಜೆ ಆರಕ್ಕೆ ದೊಡ್ಡವರಿಗೆ ಪ್ರದರ್ಶನ. ತಾಯಿ ಮಗನ ಸ್ವೆಟರಿಗೆ ರಟ್ಟು ಹಿಡಿದವನ ಕೈಗೆ ಇನ್ನು ಹಾಲ್ ಕೊಡಲಾಗದು. ಯಾವುದು ಎಲ್ಲಿ ಬರುತ್ತದೆಂದು ಎದ್ದು ನಿಂತು ಹೇಳಿದವಳು ಮೊಮ್ಮಗಳೊಬ್ಬಳೇ, ಬೀಗದಕೈ ಅವಳಿಗೆ.

ಅಜ್ಜನಿಗೆ ರಾತ್ರಿ ದುಃಖವಾಯಿತು, ಬೆಳಗಾಗುವಷ್ಟರಲ್ಲಿ ಒಳಗೊಳಗೇ ಖುಷಿಯಾಯಿತು. ಬೀಗದಕೈ ಹೋದರೂ ಹೋಯಿತು ಮನೆಯೊಳಗೇ. ಕೈಯಲ್ಲಿ ರಟ್ಟಿಲ್ಲ, ಬಾಲ್ಕನಿಯಲ್ಲಿ ದೊಡ್ಡಮ್ಮ ಇಲ್ಲ. ಎಪ್ಪತ್ತು ದಾಟಿದ ಮೇಲಾದರೂ ಒಂದು ಸಿನಿಮಾವನ್ನು ಇಡಿಯಾಗಿ ನೋಡಬಹುದು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕನ್ನಡಕವನ್ನು ಮೂರು ಸಲ ಒರೆಸಿ, ಐದೂವರೆಗೇ ಹೋಗಿ ಮೊದಲನೆಯ ಸಾಲಿನ ನಟ್ಟನಡುವೆ ಕೂತ.

ಹಾಲ್ ಕಿಕ್ಕಿರಿದಿತ್ತು. ಮಕ್ಕಳ ಸಿನಿಮಾಕ್ಕೆ ಬಾರದಿದ್ದವರೂ ವಿಚಾರಣೆಗೆ ಬಂದಿದ್ದರು. ಬಸ್ಸು ತಪ್ಪಿತು, ಕೊಡೆ ತಿರುವುಮುರುವಾಯಿತು. ಹುಡುಗ ಬೀರು ಹೊಕ್ಕ. ಅಪ್ಪ ಬಂದ, ಟವೆಲು ಸಿಕ್ಕಿಕೊಂಡಿತು. ಅಜ್ಜ ಕುರ್ಚಿಯ ತುದಿಗೆ ಜಾರಿ ಉಸಿರು ಹಿಡಿದ. ಅಪ್ಪ ಟವೆಲಿಗೆ ಕೈ ಹಾಕಿದ.

ಹಾಲ್ ಕತ್ತಲಾಯಿತು.

"ಏಯ್! ಏನಾಯ್ತು?" "ಕರೆಂಟಾ?" "ತೆಗಿಯಮ್ಮ ಅದನ್ನ!"

ಪ್ರೊಜೆಕ್ಟರಿನ ಮುಂದೆ ಅದೇ ಕರಿ ರಟ್ಟು. ಅದರ ಹಿಂದಿನಿಂದ ಮೊಮ್ಮಗಳ ಸಣ್ಣ ಧ್ವನಿ: "ಆಗಲ್ಲ ಅಂಕಲ್. ಎದುರಿಗೇ ನಮ್ಮಜ್ಜ ಕೂತಿದ್ದಾನೆ. ಅವನ ಮುಂದೆ ಇದನ್ನ ಹೇಗೆ ತೋರಿಸ್ಲಿ? ನನಗೆ ನಾಚಿಕೆ ಆಗತ್ತೆ."

ಕತ್ತಲಲ್ಲೂ ಎಲ್ಲರ ಮುಖ ತನ್ನ ಕಡೆ ತಿರುಗಿದ್ದು ಅಜ್ಜನಿಗೆ ಗೊತ್ತಾಯಿತು.

"ಏನಯ್ಯಾ, ಸ್ವಲ್ಪ ಆಚೆ ಹೋಗಬಾರದಾ?" ಎಂದರು ಮೇಷ್ಟ್ರು. "ನಿನ್ನೊಬ್ಬನಿಂದ ಎಷ್ಟು ಜನಕ್ಕೆ ತೊಂದರೆ!"

ಅಜ್ಜ ಎದ್ದ. ಯಾರದೋ ಕಾಲು ತುಳಿದು, ಕ್ಷಮೆ ಕೇಳಿ, ಬಾಗಿಲು ಎಳೆದುಕೊಂಡು ಮೆಟ್ಟಿಲ ಮೇಲೆ ಕೂತ. ಒಳಗೆ ರಟ್ಟು ಸರಿದಿರಬೇಕು, ಹಾಲ್ ಹೋ ಎಂದು ನಕ್ಕಿತು. ಇನ್ನೇನು ಪಿಟೀಲು ಬರುತ್ತದೆ, ಅದನ್ನು ತಾನೂ ನೋಡಬಹುದು, ಅದು ಬರೀ ಸ್ವೆಟರು ಎಂದು ಅಜ್ಜನಿಗೆ ಈಗ ಗೊತ್ತಿತ್ತು. ಪಿಟೀಲು ಬಂತು. ಅಜ್ಜ ಸುಮ್ಮನೆ ಗೋಡೆಗೆ ಮುಖ ಮಾಡಿ ಎಣಿಸತೊಡಗಿದ.

ವಿಚಾರಣೆ ಮುಗಿಯುವವರೆಗೂ ಒಬ್ಬರೂ ಕದಲಲಿಲ್ಲ. ನಡುವೆ ಎದ್ದು ಹೋದವನು ರಟ್ಟಜ್ಜ ಒಬ್ಬನೇ.