ಅತ್ತೆಯ ಹಾಯಿದೋಣಿಗೆ ಮೂರು ತಂತಿ

ನಮ್ಮ ಅತ್ತೆಗೂ ನೀರಿಗೂ ಆಗಿಬರುವುದಿಲ್ಲ. ಬಚ್ಚಲಿನ ಬಕೀಟು ಮುಕ್ಕಾಲು ದಾಟಿ ತುಂಬಿದರೆ ಯಾರಾದರೂ ಮುಳುಗಿಯಾರು ಎಂದು ನಲ್ಲಿ ನಿಲ್ಲಿಸುವ ಹೆಂಗಸು. ಅಂಥವರು ಅರವತ್ತೆರಡನೆಯ ವಯಸ್ಸಿನಲ್ಲಿ ಹಾಯಿದೋಣಿಯ ಒಡತಿಯಾದರು ಎಂದರೆ ನೀವು ನಂಬುತ್ತೀರಾ? ಅಳಿಯನಾದ ನನಗೇ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ!

ದೋಣಿ ಮಾವನವರದು. ಭಾನುವಾರ ಹುಸೇನ್ ಸಾಗರದಲ್ಲಿ ಅದನ್ನು ನಡೆಸುತ್ತಿದ್ದರು. ಅತ್ತೆ ದಂಡೆಯಲ್ಲಿ ಛತ್ರಿ ಹಿಡಿದು, ಗಂಡ ಮರಳುವವರೆಗೆ ಕೆರೆಗೆ ಬೆನ್ನು ಹಾಕಿ ಕೂತಿರುತ್ತಿದ್ದರಂತೆ. ಹೋದ ವರ್ಷ ಮಾವ ತೀರಿಕೊಂಡರು. ಹಾಯಿಕಂಬವನ್ನು ಎಳೆದು ನಿಲ್ಲಿಸುವ ಮೂರೂ ತಂತಿಗಳು ಹಳತಾಗಿವೆ, ತಿಂಗಳೊಳಗೆ ಬದಲಿಸಿ, ಇಲ್ಲವೇ ದೋಣಿಯನ್ನು ಒಯ್ಯಿರಿ ಎಂದು, ಅದನ್ನು ಇಟ್ಟಿದ್ದ ದೋಣಿ ಕ್ಲಬ್ಬಿನವರು ಹೇಳಿಕಳಿಸಿದರು. ಗುಜರಿಗೆ ಹಾಕೋಣ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಕೆಳಗಿಳಿದು ನನ್ನ ಸ್ಕೂಟರಿನ ಮೇಲೆ ಕೂತಾಗಿತ್ತು.

ಮೊದಲು ಸುಲ್ತಾನ್ ಬಜಾರ್. ಅತ್ತೆಯ ಪ್ರಕಾರ ಜಗತ್ತಿನಲ್ಲಿ ಇರುವುದೆಲ್ಲ ಅಲ್ಲಿ ಸಿಗುತ್ತದೆ, ಅಗ್ಗಕ್ಕೇ ಸಿಗುತ್ತದೆ. ಸಿಕ್ಕಿದ್ದು ಬಟ್ಟೆ ಒಣಹಾಕುವ ಹಸಿರು ಪ್ಲಾಸ್ಟಿಕ್ ತಂತಿ. ಒದ್ದೆ ರಗ್ಗು ಎರಡು ಹಾಕಿದರೂ ಜಗ್ಗುವುದಿಲ್ಲ ಎಂದು ಅಂಗಡಿಯವನು ಭರವಸೆ ಕೊಟ್ಟ. ನಾವು ಹಾಯಿಯ ಉದ್ದಗಲ ಹೇಳಿದೆವು. ಅಷ್ಟು ದೊಡ್ಡ ಚಾದರವನ್ನು ನಿಮ್ಮ ಮನೆಯಲ್ಲಿ ಎಷ್ಟು ಜನ ಹೊದೆಯುತ್ತೀರಿ ಎಂದು ಕೇಳಿದ.

ಕೋಠಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ನನ್ನ ತಲೆ ಪೂರ್ತಿ ಕೆಟ್ಟಿತು. ‘ಏಳು ಏಳು’ ಬೇಕೋ, ‘ಏಳು ಹತ್ತೊಂಬತ್ತು’ ಬೇಕೋ, ‘ಒಂದು ಹತ್ತೊಂಬತ್ತು’ ಬೇಕೋ ಎಂದರು. ಎಷ್ಟೆಷ್ಟು ಎಳೆ ಸೇರಿಸಿ ಹೊಸೆದ ತಂತಿ ಎಂಬ ಲೆಕ್ಕವಂತೆ. ಮೊದಲನೆಯದು ಬಾಗುತ್ತದೆ, ಎರಡನೆಯದು ಇನ್ನೂ ಬಾಗುತ್ತದೆ, ಮೂರನೆಯದು ಬಾಗಲು ಒಪ್ಪುವುದಿಲ್ಲ. ಕಂಬಕ್ಕೆ ಆ ಮೂರನೆಯದೇ ಒಳ್ಳೆಯದು, ಆದರೆ ಅದರ ತುದಿಗೆ ಕೊಂಡಿ ಕೂರಿಸಿ ಒತ್ತಲು ಬೇಕಾದ ಯಂತ್ರ ಅಲ್ಲಿಲ್ಲ! ಮರೆಯಬಾರದೆಂದು ಬಸ್ ಸ್ಟಾಪಿನ ಪಕ್ಕ ನಿಂತು ಇದನ್ನೆಲ್ಲ ಬಾಯಿಪಾಠ ಮಾಡುತ್ತಿದ್ದೆ. ಬಸ್ಸಿನ ನಂಬರೆಂದುಕೊಂಡ ಹಿರಿಯರೊಬ್ಬರು ಕರುಣೆಯಿಂದ, “ಆ ಬಸ್ಸು ಇಕ್ಕಡ ಆಗದು ಬಾಬೂ,” ಇಲ್ಲಿ ನಿಲ್ಲುವುದಿಲ್ಲ ಎಂದು ಎದುರಿನ ಸ್ಟಾಪು ತೋರಿಸಿದರು. ನಾನು ರಸ್ತೆ ದಾಟಿಯೂಬಿಟ್ಟೆ.

ನಿಮಗಾದರೂ ಏನಾದರೂ ತಿಳಿಯಿತೇ ಎಂದು ಅತ್ತೆಯನ್ನು ಕೇಳಿದೆ.

“ಸೆರಗಿನ ಕುಚ್ಚು ಇದ್ಹಂಗ ಐತ್ರಿ,” ಎಂದರು. “ತುದಿ ಬಿಚ್ಚಬಾರದು, ಅಷ್ಟ.”

ಕೊನೆಗೆ ಜೀಡಿಮೆಟ್ಲಾದಲ್ಲಿ, ಲಿಫ್ಟಿನ ತಂತಿ ರಿಪೇರಿ ಮಾಡುವ ಒಬ್ಬ ಮುದುಕ ಮಿಸ್ತ್ರಿ ಸಿಕ್ಕಿದರು. ಅವರ ಬಳಿ ಎರಡು ಸುರುಳಿ ಇದ್ದವು. ಎರಡೂ ಏಳು ಏಳು. ಮಡಚಿದ ತುದಿಗೆ ತಾಮ್ರದ ಸಣ್ಣ ಕೊಳವೆ ತೊಡಿಸಿ ಕೈಯಿಂದಲೇ ಒತ್ತಿಕೊಡುತ್ತೇನೆ ಎಂದರು. ಒಂದು ಮಾಮೂಲಿ ಜಿ.ಐ., ಅಂದರೆ ಸತುವಿನ ಲೇಪವಿರುವ ಕಬ್ಬಿಣದ ತಂತಿ. ಇನ್ನೊಂದು, ಯಾವುದೋ ಕೆಲಸದಲ್ಲಿ ಉಳಿದ, ಫಳಫಳ ಹೊಳೆಯುವ ಸ್ಟೀಲು. ತುಂಡು ಮಾಲಾದ್ದರಿಂದ ಅದೂ ಅದೇ ಬೆಲೆಗೆ! ನಾನು ಸ್ಟೀಲಿನ ಮೇಲೆ ಕೈ ಇಟ್ಟೆ. ಅತ್ತೆ ಮಾತ್ರ, ಹರಿಯುವ ಮೊದಲು ಯಾವುದು ಗೊತ್ತು ಮಾಡಿಕೊಡುತ್ತದೆ ಎಂದು ತಮ್ಮ ಹಿಂದಿಯಲ್ಲಿ ಕೇಳಿದರು. ಜಿ.ಐ.ಗೆ ತುಕ್ಕು ಹಿಡಿಯುವುದು ಕಣ್ಣಿಗೆ ಕಾಣುತ್ತದೆ, ಸ್ಟೀಲು ಎಷ್ಟೋ ಸಲ ಒಳಗೊಳಗೇ ಹೋಗಿಬಿಡುತ್ತದೆ ಎಂದರು ಮಿಸ್ತ್ರಿ. ಅತ್ತೆ ಜಿ.ಐ. ಎಂದರು. ಅದೇ ಬೆಲೆಗೆ ಸ್ಟೀಲು ಬಿಡುವುದುಂಟೇ? ನಾನು ವಾದಕ್ಕೆ ನಿಂತೆ.

“ನಿಮ್ಮ ಮಾವನವರು ಹಂಗ ಹೊಳಕೋಂತ ಇದ್ರು, ಅಳಿಯಂದ್ರ,” ಎಂದರು ಅತ್ತೆ. “ಎದಿ ನೋವಂತ ಒಂದಿನಾನೂ ಹೇಳಲಿಲ್ಲ. ನನಗ ಹೇಳೂ ತಂತಿ ಬೇಕು.”

ಮಿಸ್ತ್ರಿಗೆ ಕನ್ನಡ ಎಷ್ಟು ತಿಳಿಯಿತೋ ಗೊತ್ತಿಲ್ಲ. ಸ್ಟೀಲಿನ ಸುರುಳಿಯನ್ನು ಎತ್ತಿ ಒಳಗಿಟ್ಟು ಬಂದರು.

ತಂತಿ ಬಿಗಿಯುವ ಕೆಲಸ ನನ್ನ ಪಾಲಿಗೆ ಬಂತು. ಬಲಕ್ಕೆ ತಿರುಪಿದರೆ ಕಂಬ ಸಿಕಂದರಾಬಾದಿನ ಕಡೆ ವಾಲುತ್ತಿತ್ತು, ಎಡಕ್ಕೆ ತಿರುಪಿದರೆ ಖೈರತಾಬಾದಿನ ಕಡೆ. ಯಾವಾಗ ನೆಟ್ಟಗಾಯಿತೋ ನನಗೇ ತಿಳಿಯದು. ಕ್ಲಬ್ಬಿನವರು ಜಗ್ಗಿ ನೋಡಿ ಒಪ್ಪಿದರು.

ಭಾನುವಾರ ಬೆಳಿಗ್ಗೆ ಮಾವನವರ ಗೆಳೆಯರೊಬ್ಬರು ಚುಕ್ಕಾಣಿ ಹಿಡಿದರು. ಇಳಕಲ್ ಸೀರೆಯ ಮೇಲೆ ಲೈಫ್ ಜಾಕೆಟ್ ತೊಟ್ಟ ಅತ್ತೆ ಕೆರೆಗೆ ಮುಖ ಮಾಡಿ ಕೂತರು. ನೀರಿಗಿಳಿದು ದೋಣಿ ತಳ್ಳುತ್ತಿದ್ದ ನನ್ನನ್ನು ತಿರುಗಿ ನೋಡಿದರು.

“ನಿಮಗ ಎಲ್ಲೆರ ನೋವೈತೇನ್ರಿ? ಕುಂಟಾಕತ್ತೀರಿ.”

ಏನಿಲ್ಲ ಎನ್ನಲು ಹೊರಟವನು ತಡೆದುಕೊಂಡೆ.

“ಮೊಣಕಾಲ್ರಿ. ತಿಂಗಳಾತು,” ಎಂದೆ. ಹೆಂಡತಿಗೂ ಹೇಳಿರಲಿಲ್ಲ.

ಅತ್ತೆ ಸರಿದು ಕೂತರು. ಪಕ್ಕದ ಹಲಗೆಯ ಮೇಲಿನ ನೀರನ್ನು ಸೆರಗಿನಿಂದ ಒರೆಸಿ, “ಬರ್ರಿ, ಕಾಲು ಚಾಚಿ ಕೂಡ್ರಿ,” ಎಂದರು.